ಚಿತ್ರತುರಗನ್ಯಾಯವೂ ಮಕ್ಕಳ ಚಲಚ್ಚಿತ್ರಗಳೂ

ನಾಲ್ವತ್ತು ವರ್ಷ ದಾಟಿದ ಗೃಹಸ್ಥನೊಬ್ಬನು ತನ್ನ ಮಗುವನ್ನು ಮಗ್ಗುಲಲ್ಲಿ ಕೂರಿಸಿಕೊಂಡು, ತಾನು ಏಳನೆಯ ವಯಸ್ಸಿನಲ್ಲಿ ನೋಡಿದ್ದ ಚಿತ್ರವೊಂದನ್ನು ಮತ್ತೆ ನೋಡುತ್ತಾನೆ. ಅದರಲ್ಲಿ ಆಡುವ ಪಾತ್ರಗಳು ಮನುಷ್ಯರಲ್ಲ. ಕುಂಚದಿಂದ ಬರೆದ ಒಂದು ಜಿಂಕೆಮರಿ, ಇಲ್ಲವೆ ಎಂದೋ ಭೂಮಿಯಿಂದ ಅಳಿದುಹೋದ ಡೈನೋಸಾರ್ ಎಂಬ ಪ್ರಾಣಿಯ ಮರಿ. ಕತೆಯ ಒಂದು ಸ್ಥಳಕ್ಕೆ ಬಂದಾಗ ಮಗುವು ಕಣ್ಣರಳಿಸಿ ನೋಡುತ್ತಿರುತ್ತದೆ. ತಂದೆಯ ಕಣ್ಣು ತುಂಬಿಬರುತ್ತದೆ. ಮಗುವು ಪರದೆಯನ್ನು ಬಿಟ್ಟು ತಂದೆಯ ಮುಖವನ್ನು ನೋಡತೊಡಗುತ್ತದೆ. ಈ ಪ್ರಸಂಗವು ಈಚೆಗೆ ಎಷ್ಟೋ ಮನೆಗಳಲ್ಲಿ ನಡೆಯುತ್ತಿರುವುದು. ಇಷ್ಟು ವರ್ಷ ಕಳೆದರೂ, ಕತೆಯ ಕೊನೆ ಮೊದಲೇ ತಿಳಿದಿದ್ದರೂ, ನೋಡುತ್ತಿರುವುದು ಬರಿಯ ಬಣ್ಣ ಮತ್ತು ಗೆರೆ ಎಂಬ ಅರಿವಿದ್ದರೂ, ಅದೇ ಸ್ಥಳದಲ್ಲಿ ಅದೇ ಕಣ್ಣೀರು ಬರುವುದು ಹೇಗೆ ಎಂಬುದು ವಿಚಾರಾರ್ಹವಾದ ವಿಷಯ.

ಪಂಡಿತರು ಸಾಮಾನ್ಯವಾಗಿ ಇದನ್ನು ವಿಚಾರಕ್ಕೆ ತೆಗೆದುಕೊಳ್ಳುವುದಿಲ್ಲ. ಜನರು ಕಾರ್ಟೂನ್ ಎಂದು ಕರೆಯುವ ವಸ್ತುವಿಗೂ ರಸಕ್ಕೂ ಏನು ಸಂಬಂಧವೆಂದು ನಕ್ಕುಬಿಡುವರು. ಕೇಳಿದರೆ ಎರಡು ಉತ್ತರಗಳು ಬರುತ್ತವೆ. ಒಂದು, ಆ ಕಣ್ಣೀರು ಚಿತ್ರದ್ದಲ್ಲ, ಕಳೆದುಹೋದ ಬಾಲ್ಯದ್ದು ಎಂಬುದು. ಇನ್ನೊಂದು, ಅದು ವಾದ್ಯಗಾರರ ಮತ್ತು ವ್ಯಾಪಾರಿಗಳ ಕೌಶಲದಿಂದ ಹಿಂಡಿ ತೆಗೆದ ಕಣ್ಣೀರು ಎಂಬುದು. ಮೊದಲನೆಯದು ಅರ್ಧಸತ್ಯ. ಬಾಲ್ಯಸ್ಮರಣೆಯೇ ಕಾರಣವಾಗಿದ್ದರೆ ಬಾಲ್ಯದಲ್ಲಿ ನೋಡಿದ ಎಲ್ಲ ಚಿತ್ರಗಳೂ ಅಳಿಸಬೇಕಾಗಿತ್ತು. ಬೆಕ್ಕು ಇಲಿಯನ್ನಟ್ಟುವ ನೂರಾರು ಚಿಕ್ಕ ಚಿತ್ರಗಳನ್ನು ಅದೇ ಗೃಹಸ್ಥನು ಅದೇ ವಯಸ್ಸಿನಲ್ಲಿ ನೋಡಿದ್ದಾನೆ. ಅವುಗಳಿಂದ ಈಗ ನಗೆ ಬರುವುದುಂಟು, ಅಳು ಬರುವುದಿಲ್ಲ. ಅಲ್ಲದೆ ಈ ಚಿತ್ರಗಳನ್ನು ಮುಪ್ಪಿನಲ್ಲಿ ಮೊಮ್ಮಕ್ಕಳೊಡನೆ ಮೊದಲ ಬಾರಿಗೆ ಕಂಡ ಅಜ್ಜಿಯರೂ ಸೆರಗಿನಿಂದ ಕಣ್ಣೊರಸಿಕೊಳ್ಳುವರು. ಅವರಿಗೆ ಇಂಥ ಸ್ಮರಣೆಯ ಸಂಬಂಧವೇ ಇಲ್ಲ. ಎರಡನೆಯ ಉತ್ತರವು ಇನ್ನೂ ದುರ್ಬಲ. ತಂತ್ರದಿಂದ ಬಂದ ಕಣ್ಣೀರು ಒಮ್ಮೆ ಬರುತ್ತದೆ, ಎರಡನೆಯ ಸಲ ಅರ್ಧ ಬರುತ್ತದೆ, ಮೂರನೆಯ ಸಲ ಬರುವುದಿಲ್ಲ. ಗುಟ್ಟು ತಿಳಿದ ಮೇಲೆ ಜಾದೂಗಾರನ ಆಟದಲ್ಲಿ ಸ್ವಾರಸ್ಯ ಉಳಿಯದು. ಇಲ್ಲಿ ಅದಕ್ಕೆ ವಿಪರೀತವಾಗಿದೆ. ಹತ್ತನೆಯ ಸಲಕ್ಕೆ, ಆ ಸ್ಥಳವು ಇನ್ನೂ ಬರುವ ಮೊದಲೇ, ಗಂಟಲು ಬಿಗಿಯುತ್ತದೆ.

ಭಾರತೀಯ ಆಲಂಕಾರಿಕರಲ್ಲಿ ಶ್ರೀಶಂಕುಕನೆಂಬವನು ನಾಟ್ಯರಸವನ್ನು ಕುರಿತು ಒಂದು ಮತವನ್ನು ಹೇಳಿದನು. ಅವನ ಗ್ರಂಥವು ಉಳಿದಿಲ್ಲ. ಅಭಿನವಗುಪ್ತನೂ ಮಮ್ಮಟನೂ ಅದನ್ನು ಉದ್ಧರಿಸಿದ್ದರಿಂದ ಅದು ಉಳಿದುಬಂದಿದೆ. ರಾಮನ ಪಾತ್ರವನ್ನಾಡುವ ನಟನನ್ನು ನೋಡುವಾಗ ಪ್ರೇಕ್ಷಕನಿಗೆ ಉಂಟಾಗುವ ಜ್ಞಾನ ಯಾವ ಬಗೆಯದು? ಇವನು ರಾಮನೇ ಎಂಬ ನಿಶ್ಚಯವಲ್ಲ. ಇವನು ರಾಮನಲ್ಲ ಎಂದು ಆಮೇಲೆ ಬಾಧಿತವಾಗುವ ಭ್ರಾಂತಿಯೂ ಅಲ್ಲ. ರಾಮನೋ ಅಲ್ಲವೋ ಎಂಬ ಸಂದೇಹವೂ ಅಲ್ಲ. ರಾಮನಂತಿದ್ದಾನೆ ಎಂಬ ಸಾದೃಶ್ಯಬುದ್ಧಿಯೂ ಅಲ್ಲ. ಗೋಡೆಯ ಮೇಲೆ ಬರೆದ ಕುದುರೆಯನ್ನು ಕಂಡು ಮಗುವು "ಕುದುರೆ" ಎನ್ನುವಾಗ ಅದರ ಮನಸ್ಸಿನಲ್ಲಿ ಯಾವ ಜ್ಞಾನವಿದೆಯೋ ಅದು ಈ ನಾಲ್ಕಕ್ಕೂ ಬೇರೆಯಾದುದು. ಇದೇ ಚಿತ್ರತುರಗನ್ಯಾಯ. ರಸವು ಅನುಮಾನದಿಂದ ಸಿದ್ಧಿಸುವುದೆಂಬ ಶಂಕುಕನ ಮುಖ್ಯ ವಾದವನ್ನು ಹಿಂದಿನವರೇ ನಿರಾಕರಿಸಿದರು, ಅದು ಯುಕ್ತವೂ ಆಗಿದೆ. ಆದರೆ ಚಿತ್ರತುರಗದ ದೃಷ್ಟಾಂತವು ವಾದದೊಡನೆ ಸಾಯಲಿಲ್ಲ. ಬರೆದ ಕುದುರೆಯು ಓಡತೊಡಗಿದರೆ ಏನಾದೀತೆಂಬುದನ್ನು ಶಂಕುಕನು ಊಹಿಸಿದ್ದಿರಲಾರನು. ಇಪ್ಪತ್ತನೆಯ ಶತಮಾನದಲ್ಲಿ ಅದು ಓಡಿತು. ಸೆಕೆಂಡಿಗೆ 24 ಪಟಗಳಂತೆ ಒಂದರ ಹಿಂದೊಂದಾಗಿ ಪರದೆಯ ಮೇಲೆ ಬಿದ್ದಾಗ, ಒಂದೊಂದರಲ್ಲೂ ನಿಶ್ಚಲವಾಗಿರುವ ಗೆರೆಯು ಚಲಿಸಿದಂತೆ ಕಾಣುತ್ತದೆ. 69 ನಿಮಿಷದ ಚಿತ್ರಕ್ಕೆ ಇಂಥ ಪಟಗಳು ಸುಮಾರು 1 ಲಕ್ಷ ಬೇಕಾಗುವುವು.

ನಟನು ರಾಮನಾಗಿ ಆಡುವಾಗ ಅವನ ಸ್ವಂತ ಮುಖ, ಸ್ವಂತ ಹೆಸರು, ಸ್ವಂತ ಊರು ಹಿಂದೆ ಇದ್ದೇ ಇರುತ್ತವೆ. ನಾಟಕ ಮುಗಿದ ಮೇಲೆ ಅವನು ಬಣ್ಣ ತೊಳೆದುಕೊಂಡು ಮನೆಗೆ ಹೋಗುತ್ತಾನೆ. ಬರೆದ ಜಿಂಕೆಗೆ ಹೋಗುವುದಕ್ಕೆ ಬೇರೆ ಮನೆಯಿಲ್ಲ. ಅದು ಪಾತ್ರವನ್ನು ಧರಿಸಿದ ಇನ್ನೊಬ್ಬ ವ್ಯಕ್ತಿಯಲ್ಲ. ಅದಕ್ಕೆ ಪಾತ್ರವೇ ಸರ್ವಸ್ವ. ಆದುದರಿಂದ ಸಾಧಾರಣೀಕರಣಕ್ಕೆ, ಅಂದರೆ ಒಬ್ಬನ ಭಾವವು ಎಲ್ಲರದೂ ಆಗುವುದಕ್ಕೆ, ನಟನಿಗಿಂತ ಚಿತ್ರಕ್ಕೆ ಅಡ್ಡಿ ಕಡಮೆ. ಅದರಲ್ಲಿಯೂ ಆ ಚಿತ್ರವು ಮೃಗಪಕ್ಷಿಗಳದಾದರೆ ದೇಶ, ಜಾತಿ, ಉಡುಪು ಎಂಬ ಉಪಾಧಿಗಳೂ ಬಿದ್ದುಹೋಗುವುವು. ಬೆಂಗಳೂರಿನ ಮಗುವಿಗೂ ಬರ್ಲಿನ್ನಿನ ಮಗುವಿಗೂ ಜಿಂಕೆಮರಿಯು ಒಂದೇ ದೂರದಲ್ಲಿದೆ, ಒಂದೇ ಹತ್ತಿರದಲ್ಲಿದೆ.

ಮೃಗಗಳ ಕತೆ ಹೊಸದೇನೂ ಅಲ್ಲ, ಪಂಚತಂತ್ರವೇ ಇದೆಯಲ್ಲ ಎಂದು ಯಾರಾದರೂ ಹೇಳಬಹುದು. ಆದರೆ ವಿಷ್ಣುಶರ್ಮನ ಮೃಗಗಳು ರಾಜಪುತ್ರರಿಗೆ ನೀತಿಯನ್ನು ಕಲಿಸುವುದಕ್ಕಾಗಿ ಮಾತಾಡುವುವು. ಕರಟಕ ದಮನಕರನ್ನು ಓದಿದವನು ಚತುರನಾಗುತ್ತಾನೆ. ಸಂಜೀವಕನು ಸತ್ತನೆಂದು ಅಳುವ ಓದುಗನು ಅಪರೂಪ. ಈ ಚಲಚ್ಚಿತ್ರಗಳ ಕುಲವು ಬೇರೆ. ಇವುಗಳ ಮೂಲಪುರುಷನನ್ನು ಹುಡುಕುವುದಾದರೆ ತಮಸಾತೀರದ ಕ್ರೌಂಚಪಕ್ಷಿಯ ಬಳಿಗೇ ಹೋಗಬೇಕು. ಬೇಟೆಗಾರನ ಬಾಣ, ಬಿದ್ದ ಪಕ್ಷಿ, ಉಳಿದ ಪಕ್ಷಿಯ ಕೂಗು, ಇಷ್ಟೇ ಅಲ್ಲಿಯ ಸಾಮಗ್ರಿ. ಆನಂದವರ್ಧನನು ಕಾವ್ಯದ ಆತ್ಮವನ್ನು ತೋರಿಸಬೇಕಾದಾಗ ಬೆಟ್ಟುಮಾಡಿದ್ದು ಆ ಶೋಕವನ್ನೇ.

ಈ ಬಗೆಯ ಚಿತ್ರಗಳಲ್ಲಿ ಮೊದಲು ಹೇಳಬೇಕಾದುದು 1942ರಲ್ಲಿ ಅಮೆರಿಕದ ವಾಲ್ಟ್ ಡಿಸ್ನಿಯ ಚಿತ್ರಶಾಲೆಯಿಂದ ಹೊರಬಂದ 'ಬ್ಯಾಂಬಿ'. ಆಸ್ಟ್ರಿಯದ ಫೆಲಿಕ್ಸ್ ಸಾಲ್ಟನ್ ಎಂಬ ಲೇಖಕನು ಜರ್ಮನ್ ಭಾಷೆಯಲ್ಲಿ ಬರೆದು 1923ರಲ್ಲಿ ಪ್ರಕಟಿಸಿದ ಕಾದಂಬರಿಯು ಇದರ ಮೂಲ. ನಾತ್ಸಿ ಅಧಿಕಾರಿಗಳು 1936ರಲ್ಲಿ ಆ ಪುಸ್ತಕವನ್ನು ನಿಷೇಧಿಸಿದರು. ಕಾಡಿನ ಮೃಗಗಳ ಕತೆಗೆ ರಾಜ್ಯವೊಂದು ಹೆದರಿದ್ದು ಆ ಪುಸ್ತಕಕ್ಕೆ ಸಂದ ಗೌರವವೆಂದೇ ತಿಳಿಯಬಹುದು. ಚಿತ್ರದ ಕತೆ ಸರಳ. ಕಾಡಿನಲ್ಲಿ ಜಿಂಕೆಮರಿಯೊಂದು ಹುಟ್ಟುತ್ತದೆ, ನಡೆಯುವುದನ್ನೂ ಮಾತಾಡುವುದನ್ನೂ ಕಲಿಯುತ್ತದೆ, ಮೊಲದ ಮರಿಯೊಡನೆ ಹಿಮಗಟ್ಟಿದ ಕೊಳದ ಮೇಲೆ ಜಾರಿಬೀಳುತ್ತದೆ, ತಾಯಿಯನ್ನು ಕಳೆದುಕೊಳ್ಳುತ್ತದೆ, ಬೆಳೆಯುತ್ತದೆ. ಮಾತು ಬಹಳ ಕಡಮೆ.

ತಾಯಿಯ ಮರಣದ ಭಾಗವನ್ನು ಸ್ವಲ್ಪ ನಿಂತು ನೋಡತಕ್ಕದ್ದು. ಚಳಿಗಾಲ ಕಳೆಯುತ್ತ ಬಂದಿದೆ. ಮರದ ತೊಗಟೆಯನ್ನು ತಿಂದು ದಿನ ಕಳೆದ ಮರಿಗೆ ತಾಯಿಯು ಬಯಲಿನಲ್ಲಿ ಹಿಮದ ನಡುವೆ ಮೊಳೆತ ಹೊಸ ಹುಲ್ಲನ್ನು ತೋರಿಸುತ್ತಾಳೆ. ಅದು ಸಂತೋಷದ ಗಳಿಗೆ. ಆಗ ತಾಯಿಯು ತಲೆಯೆತ್ತುತ್ತಾಳೆ, ಕಿವಿ ನಿಮಿರುತ್ತದೆ. ಪೊದೆಯ ಕಡೆಗೆ ಓಡೆಂದು ಮರಿಗೆ ಹೇಳುತ್ತಾಳೆ, ಹಿಂತಿರುಗಿ ನೋಡಬೇಡವೆಂದು ಕೂಗುತ್ತಾಳೆ. ಮರಿಯು ಓಡುತ್ತದೆ. ಗುಂಡಿನ ಸದ್ದು ಕೇಳಿಸುತ್ತದೆ. ಮರಿಯು ಪೊದೆಯನ್ನು ಸೇರಿ, ಬದುಕಿಕೊಂಡೆವೆಂದು ಸಂತೋಷದಿಂದ ತಾಯಿಗೆ ಹೇಳಲು ತಿರುಗುತ್ತದೆ, ತಾಯಿಯಿಲ್ಲ. ಹಿಮ ಸುರಿಯತೊಡಗುತ್ತದೆ. ಮರಿಯು ಕರೆಯುತ್ತ ಅಲೆಯುತ್ತದೆ. ಕೊನೆಗೆ ಹಿಮದ ಮರೆಯಿಂದ ದೊಡ್ಡ ಗಂಡು ಜಿಂಕೆಯು ಬಂದು, ತಾಯಿಯು ಇನ್ನು ಮುಂದೆ ಜೊತೆಯಲ್ಲಿರಲಾರಳೆಂದು ಒಂದೇ ಮಾತಿನಲ್ಲಿ ತಿಳಿಸುತ್ತದೆ.

ಇಲ್ಲಿ ಕೊಂದವನು ಕಾಣಿಸುವುದಿಲ್ಲ. ಚಿತ್ರದ ಆದ್ಯಂತವೂ ಮನುಷ್ಯನ ರೂಪವೊಂದೂ ಪರದೆಯ ಮೇಲೆ ಬರುವುದಿಲ್ಲ. ಸತ್ತವಳ ದೇಹವೂ ಕಾಣಿಸುವುದಿಲ್ಲ. ವಧವನ್ನು ರಂಗದ ಮೇಲೆ ಪ್ರತ್ಯಕ್ಷವಾಗಿ ತೋರಿಸಕೂಡದೆಂದು ದಶರೂಪಕಕಾರನು ವಿಧಿಸಿದ್ದುಂಟು. ಆ ನಿಯಮವನ್ನು ಕೇಳಿಯೂ ಅರಿಯದ ಕಲಾವಿದರು ಅದನ್ನು ಅಕ್ಷರಶಃ ಪಾಲಿಸಿದ್ದಾರೆ. ಮಗುವು ಕಂಡದ್ದು ಹಿಮ, ಕೇಳಿದ್ದು ಒಂದು ಸದ್ದು ಮತ್ತು ಆಮೇಲಿನ ಮೌನ. ಉಳಿದುದೆಲ್ಲ ವ್ಯಂಗ್ಯ. ಸಾಲ್ಟನ್ನನ ಕಾದಂಬರಿಯಲ್ಲಿ ಮುದಿ ಜಿಂಕೆಯು ಬ್ಯಾಂಬಿಗೆ ಸತ್ತು ಬಿದ್ದ ಮನುಷ್ಯನೊಬ್ಬನನ್ನು ತೋರಿಸಿ, ಅವನೂ ಸರ್ವಶಕ್ತನಲ್ಲವೆಂದು ಬೋಧಿಸುವ ಪ್ರಕರಣವಿದೆ. ಕಾದಂಬರಿಗೆ ಅದು ಒಪ್ಪುತ್ತದೆ. ಚಿತ್ರದಿಂದ ಅದನ್ನು ಕೈಬಿಟ್ಟದ್ದು ಒಳ್ಳೆಯದೇ ಆಯಿತು. ಕಾಣದ ಬೇಟೆಗಾರನಿಗಿರುವ ಭೀಕರತೆ ಕಂಡವನಿಗೆ ಬರಲಾರದು.

ಅಭಿನವಗುಪ್ತನು ಭಯಾನಕರಸವನ್ನು ವಿವರಿಸುವಾಗ ತೆಗೆದುಕೊಂಡ ಉದಾಹರಣೆ ಯಾವುದೆಂಬುದು ಇಲ್ಲಿ ನೆನಪಾಗದೆ ಇರದು. ಶಾಕುಂತಲದ ಮೊದಲನೆಯ ಅಂಕದಲ್ಲಿ ದುಷ್ಯಂತನ ರಥದ ಮುಂದೆ ಓಡುವ ಜಿಂಕೆಯೇ ಅದು. ಆ ಪದ್ಯವನ್ನು ಕೇಳುವ ಸಹೃದಯನಿಗೆ, ಈ ಜಿಂಕೆ, ಈ ದೇಶ, ಈ ಕಾಲ ಎಂಬ ವಿಶೇಷಗಳು ಕಳಚಿಹೋಗಿ, ತಾನು ಹೆದರಿದೆನೆಂದಾಗಲಿ ಬೇರೊಬ್ಬನು ಹೆದರಿದನೆಂದಾಗಲಿ ತೋರದೆ, ಭಯವೊಂದೇ ಹೃದಯವನ್ನು ಪ್ರವೇಶಿಸಿದಂತೆ ಆಗುವುದೆಂದು ಅವನು ಹೇಳುತ್ತಾನೆ. ಕಾಶ್ಮೀರದ ಆ ಆಚಾರ್ಯನು ಸಾವಿರ ವರ್ಷಗಳ ಹಿಂದೆ ಬರೆದ ಈ ಮಾತು ಬ್ಯಾಂಬಿಯ ಓಟಕ್ಕೆ ಟೀಕೆಯಂತಿದೆ. ಒಂದು ಭೇದವುಂಟು. ಕಾಳಿದಾಸನ ಜಿಂಕೆಯು ಕೊರಳು ತಿರುಗಿಸಿ ಹಿಂದಿನ ರಥವನ್ನು ಮತ್ತೆ ಮತ್ತೆ ನೋಡುತ್ತ ಓಡುತ್ತದೆ. ಅದರ ಸೌಂದರ್ಯವೆಲ್ಲ ಆ ಕೊರಳಿನಲ್ಲಿದೆ. ಇಲ್ಲಿ ತಾಯಿಯು ಹಿಂತಿರುಗಿ ನೋಡಬೇಡವೆನ್ನುತ್ತಾಳೆ. ಅಲ್ಲಿ ವೈಖಾನಸನು ಕೈಯೆತ್ತಿ ಬಾಣವನ್ನು ತಡೆಯುತ್ತಾನೆ, ಜಿಂಕೆ ಉಳಿಯುತ್ತದೆ. ಇಲ್ಲಿ ತಡೆಯುವವರಾರೂ ಇಲ್ಲ. ಆದಕಾರಣ ಅಲ್ಲಿ ಭಯಾನಕದಲ್ಲಿ ನಿಂತದ್ದು ಇಲ್ಲಿ ಕರುಣಕ್ಕೆ ತಿರುಗಿತು.

ಈ ಚಿತ್ರದ ಕಾಡು ಒಂದು ಬೇರೆಯೇ ಗುಣವುಳ್ಳದ್ದು. ಅದರ ಹಿನ್ನೆಲೆಯ ರೀತಿಯನ್ನು ರೂಪಿಸಿದವನು ಚೀನಾದಲ್ಲಿ ಹುಟ್ಟಿ ಬಾಲ್ಯದಲ್ಲಿ ಅಮೆರಿಕಕ್ಕೆ ಹೋದ ಟೈರಸ್ ವಾಂಗ್. ಸೋಂಗ್ ರಾಜವಂಶದ ಕಾಲದ ಚೀನೀ ಚಿತ್ರಕಲೆಯ ಪ್ರಭಾವ ಅವನ ಮೇಲಿತ್ತು. ಎಲೆ ಎಲೆಯನ್ನೂ ಬರೆಯುವ ಪದ್ಧತಿಯನ್ನು ಬಿಟ್ಟು, ಮಂಜು, ಬೆಳಕು, ನಾಲ್ಕಾರು ಕಾಂಡಗಳ ಸೂಚನೆ ಇಷ್ಟರಿಂದಲೇ ಅವನು ಅರಣ್ಯವನ್ನು ನಿರ್ಮಿಸಿದನು. ಅವನು 106 ವರ್ಷ ಬದುಕಿ 2016ರಲ್ಲಿ ತೀರಿಕೊಂಡನು. ಅವನ ಪಾಲು ಎಷ್ಟೆಂಬುದು ಲೋಕಕ್ಕೆ ಚೆನ್ನಾಗಿ ತಿಳಿದದ್ದು ಅವನ ಮುಪ್ಪಿನಲ್ಲಿಯೇ. ಬರೆಯದೆ ಬಿಟ್ಟ ಜಾಗವೂ ಉದ್ದೀಪನವಿಭಾವವಾಗಬಲ್ಲುದೆಂಬುದಕ್ಕೆ ಆ ಹಿಮದ ಬಯಲಿಗಿಂತ ಒಳ್ಳೆಯ ನಿದರ್ಶನ ಸಿಕ್ಕದು.

ಇಷ್ಟಾದ ಮೇಲೆ ಚಿತ್ರಕ್ಕೆ ಒಂದು ದೋಷವನ್ನು ಹೇಳಲೇಬೇಕು. ತಾಯಿಯು ಸತ್ತ ಸುದ್ದಿ ತಿಳಿದ ಕೂಡಲೇ ದೃಶ್ಯ ಬದಲಾಗಿ ವಸಂತಕಾಲವು ಬರುತ್ತದೆ. ಹಕ್ಕಿಗಳು ಉಲ್ಲಾಸದಿಂದ ಹಾಡುತ್ತವೆ. ಬ್ಯಾಂಬಿಗೆ ಆಗಲೇ ಕೊಂಬು ಮೂಡಿದೆ. ಋತುಚಕ್ರವು ಯಾರ ದುಃಖಕ್ಕೂ ನಿಲ್ಲುವುದಿಲ್ಲವೆಂಬ ಅರ್ಥವನ್ನು ಇದರಲ್ಲಿ ಕಾಣುವವರಿದ್ದಾರೆ. ಆ ಅರ್ಥವನ್ನು ಬಲವಂತದಿಂದ ತುಂಬಿದಂತೆ ತೋರುತ್ತದೆ. ಕರುಣದ ಹಿಂದೆಯೇ ಹಾಸ್ಯಶೃಂಗಾರಗಳನ್ನು ತಂದು ನಿಲ್ಲಿಸುವುದನ್ನು ಆನಂದವರ್ಧನನು ರಸವಿರೋಧದಲ್ಲಿ ಎಣಿಸುವನು. ಎರಡರ ಮಧ್ಯೆ ಬೇರೊಂದು ರಸದ ವ್ಯವಧಾನವಾದರೂ ಇರಬೇಕು. ಇಲ್ಲಿ ಮರಿಯು ಅತ್ತದ್ದೆಲ್ಲಿ, ಸಮಾಧಾನಪಟ್ಟದ್ದೆಲ್ಲಿ? ಆ ಚಳಿಗಾಲದ ಉಳಿದ ದಿನಗಳು ಎಲ್ಲಿ ಹೋದುವು? ಈ ಬಿರುಕು ಚಿತ್ರಶಾಲೆಯವರಿಗೂ ಕಂಡಿರಬೇಕು. 64 ವರ್ಷಗಳಾದ ಮೇಲೆ, 2006ರಲ್ಲಿ, ಅವರೇ ಹೊರಡಿಸಿದ ಎರಡನೆಯ ಬ್ಯಾಂಬಿ ಚಿತ್ರವು ಅದೇ ತೆರವಿನಲ್ಲಿ, ತಾಯಿಯ ಮರಣಕ್ಕೂ ವಸಂತಕ್ಕೂ ನಡುವೆ, ನಡೆಯುತ್ತದೆ. ಗೋಡೆ ಕಟ್ಟಿ ಎರಡು ತಲೆಮಾರು ಕಳೆದ ಮೇಲೆ ಬಿರುಕಿಗೆ ಗಾರೆ ಮೆತ್ತಿದಂತಾಯಿತು.

ಬ್ಯಾಂಬಿಯು ಬಿಟ್ಟುದನ್ನು ಹಿಡಿದು ನಡೆಸಿದ ಚಿತ್ರವೆಂದರೆ 1988ರ 'ದಿ ಲ್ಯಾಂಡ್ ಬಿಫೋರ್ ಟೈಮ್'. ಇದರ ನಿರ್ದೇಶಕ ಡಾನ್ ಬ್ಲೂತ್. ಅವನು ಡಿಸ್ನಿಯ ಶಾಲೆಯಲ್ಲಿ ಕೆಲಸ ಕಲಿತು, 1979ರಲ್ಲಿ ಜೊತೆಗಾರರೊಡನೆ ಹೊರಬಂದು ತನ್ನದೇ ಶಾಲೆಯನ್ನು ಕಟ್ಟಿದವನು. ಸ್ಟೀವನ್ ಸ್ಪೀಲ್‌ಬರ್ಗ್ ಮತ್ತು ಜಾರ್ಜ್ ಲೂಕಸ್ ಎಂಬ ಹೆಸರಾಂತ ಇಬ್ಬರು ಇದರ ಪೋಷಕರು; ಸಂಗೀತ ಜೇಮ್ಸ್ ಹಾರ್ನರನದು. ಕ್ಷಾಮದಿಂದ ಭೂಮಿ ಒಣಗಿದೆ. ಎಲೆ ತಿನ್ನುವ ಡೈನೋಸಾರುಗಳ ಹಿಂಡುಗಳು ಪಶ್ಚಿಮದಲ್ಲಿರುವುದೆಂದು ಕೇಳಿದ ಒಂದು ಹಸುರು ಕಣಿವೆಯ ಕಡೆಗೆ ಹೊರಟಿವೆ. ಲಿಟಲ್‌ಫುಟ್ ಎಂಬ ಉದ್ದಕೊರಳಿನ ಮರಿಗೆ ತಾಯಿ ಮತ್ತು ಅಜ್ಜ ಅಜ್ಜಿಯರು ಮಾತ್ರ ಬಳಗ. ಕ್ರೂರಮೃಗವೊಂದರಿಂದ ಮರಿಯನ್ನು ಕಾಪಾಡುವಾಗ ತಾಯಿ ಗಾಯಗೊಳ್ಳುತ್ತಾಳೆ. ಅದೇ ಹೊತ್ತಿಗೆ ಭೂಕಂಪವಾಗಿ ನೆಲ ಸೀಳಿ, ಹಿಂಡುಗಳು ಚದರಿಹೋಗುತ್ತವೆ. ಮಳೆಯ ಕತ್ತಲಲ್ಲಿ ತಾಯಿಯು ಮರಿಗೆ ದಾರಿಯ ಗುರುತು ಹೇಳಿ ಕಣ್ಣುಮುಚ್ಚುತ್ತಾಳೆ. ಆಮೇಲೆ ಆ ಮರಿಯೂ ಬೇರೆ ಬೇರೆ ಜಾತಿಯ ಇನ್ನು ನಾಲ್ಕು ಮರಿಗಳೂ ಕೂಡಿ ನಡೆದು ಕಣಿವೆಯನ್ನು ಸೇರುವುದೇ ಕತೆ. ಒಂದು ಜಾತಿಯ ಮರಿಯು ಇನ್ನೊಂದರೊಡನೆ ಆಡಕೂಡದೆಂದು ಹಿರಿಯರು ವಿಧಿಸಿರುವ ಕಟ್ಟಳೆಯೂ ದಾರಿಯಲ್ಲಿ ಮುರಿದುಬೀಳುತ್ತದೆ. ಅದು ಇರಲಿ, ಅದನ್ನು ವಿಸ್ತರಿಸುವುದು ಬೇಡ.

ಇದರ ಶ್ರೇಷ್ಠ ಭಾಗವು ತಾಯಿಯ ಮರಣವಲ್ಲ, ಮರಣದ ಮರುದಿನ. ರೂಟರ್ ಎಂಬ ಮುದಿಪ್ರಾಣಿಯೊಂದು ಅಳುವ ಮರಿಯನ್ನು ಕಾಣುತ್ತದೆ. ಮರಿಯು ಮೊದಲು ಸಿಟ್ಟಾಗುತ್ತದೆ. ತಪ್ಪು ಯಾರದೆಂದು ಹುಡುಕುತ್ತದೆ. ಯಾರ ತಪ್ಪೂ ಅಲ್ಲವೆಂದು ಮುದಿಯನು ಹೇಳುತ್ತಾನೆ. ನೋವು ಮಾಯವಾಗುವುದೆಂದು ಸುಳ್ಳು ಹೇಳುವುದಿಲ್ಲ. ತಾಯಿಯ ನೆನಪು ಎಂದಿಗೂ ಬರುತ್ತಲೇ ಇರುವುದೆಂದು ತಿಳಿಸಿ, ತನ್ನ ದಾರಿ ಹಿಡಿದು ಹೋಗುತ್ತಾನೆ. ಸಾವಿನ ಮನೆಗೆ ಬಂದ ನೆಂಟರಲ್ಲಿ ಇಷ್ಟು ವಿವೇಕ ಕಾಣುವುದು ವಿರಳ. ಆಮೇಲೆ ಹಾರುವ ಜಾತಿಯ ಪುಟ್ಟ ಮರಿಗಳು ಒಂದು ಹಣ್ಣಿಗಾಗಿ ಜಗಳವಾಡುತ್ತಿರುವಾಗ, ಅವುಗಳಲ್ಲೊಂದು ಈ ದುಃಖಿಯನ್ನು ಕಂಡು ಆ ಹಣ್ಣನ್ನು ತಂದು ಮುಂದಿಡುತ್ತದೆ. ಲಿಟಲ್‌ಫುಟ್ ತಿನ್ನುವುದಿಲ್ಲ. ಯಾರೂ ಏನೂ ಹೇಳುವುದಿಲ್ಲ. ಮತ್ತೊಂದೆಡೆ, ಬಂಡೆಯ ಮೇಲೆ ಬಿದ್ದ ತನ್ನದೇ ಉದ್ದ ನೆರಳನ್ನು ತಾಯಿಯೆಂದು ತಿಳಿದು ಅದು ಓಡುತ್ತದೆ. ಹತ್ತಿರ ಹೋದಂತೆಲ್ಲ ನೆರಳು ಕುಗ್ಗಿ ಮರಿಯ ಅಳತೆಗೇ ಬಂದು ನಿಲ್ಲುತ್ತದೆ. ಭ್ರಾಂತಿಮದಲಂಕಾರಕ್ಕೆ ಶಾಸ್ತ್ರಗ್ರಂಥಗಳಲ್ಲಿ ಹಗ್ಗ ಹಾವುಗಳ ಬಗೆಯ ಉದಾಹರಣೆಗಳು ಎಷ್ಟೋ ಉಂಟು. ಭ್ರಾಂತಿಯು ಅಲಂಕಾರವಾಗಿ ನಿಲ್ಲದೆ ಎದೆಯನ್ನೇ ಹಿಂಡುವ ಇಂಥ ಉದಾಹರಣೆ ಅವುಗಳಲ್ಲಿ ಹೆಚ್ಚಿಲ್ಲ. ಮಗುವಿಗೆ ಇಲ್ಲಿ ತಿಳಿಯುವುದು ತಾಯಿ ಇಲ್ಲವೆಂಬುದಷ್ಟೇ. ಹಿರಿಯನಿಗೆ ಇನ್ನೊಂದು ತಿಳಿಯುತ್ತದೆ, ತಾಯಿಯ ಆಕಾರವೇ ತನ್ನಲ್ಲಿಯೂ ಇದೆಯೆಂಬುದು.

ತಾಯಿಯು ಕೊಟ್ಟಿದ್ದ ಒಂದು ಎಲೆಯನ್ನು ಮರಿಯು ದಾರಿಯುದ್ದಕ್ಕೂ ಹೊತ್ತು ತರುತ್ತದೆ. ಹಸಿವಿನ ನಾಡಿನಲ್ಲಿ ಎಲೆಯೆಂದರೆ ಅನ್ನ. ಆದರೂ ಅದನ್ನು ತಿನ್ನುವುದಿಲ್ಲ. ಕೊನೆಗೆ ಅದು ಕ್ರೂರಮೃಗದ ಪಾದದಡಿ ಸಿಕ್ಕಿ ನುಚ್ಚಾಗುತ್ತದೆ. ಆಗ ಮಗುವಾದ ಪ್ರೇಕ್ಷಕನಿಗೆ ಆಗುವ ಸಂಕಟವು ದೊಡ್ಡ ದೊಡ್ಡ ಯುದ್ಧಗಳನ್ನು ಕಂಡಾಗ ಆಗುವುದಿಲ್ಲ. ಸಾಹಸವೆಂದರೆ ಶತ್ರುವನ್ನು ಗೆಲ್ಲುವುದೆಂದು ತಿಳಿದವರು ಇದನ್ನು ಗಮನಿಸಬೇಕು. ಇದರಲ್ಲಿಯೂ ಶತ್ರುವಿನ ಸೋಲುಂಟು. ನೋಡಿದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿಗೆ ಅದು ಮರೆತಿರುತ್ತದೆ, ಎಲೆ ಮರೆತಿರುವುದಿಲ್ಲ.

ಕರುಣಕ್ಕೂ ವಿಪ್ರಲಂಭಕ್ಕೂ ಭರತನು ಮಾಡಿದ ಭೇದವು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಎರಡರಲ್ಲಿಯೂ ಅಗಲಿಕೆಯುಂಟು, ಕಣ್ಣೀರುಂಟು. ಆದರೆ ವಿಪ್ರಲಂಭವು ಸಾಪೇಕ್ಷ, ಅಂದರೆ ಮತ್ತೆ ಸೇರುವ ಆಸೆಯುಳ್ಳದ್ದು, ಕರುಣವು ನಿರಪೇಕ್ಷ. ತಾಯಿಯ ಮರಣವು ನಿರಪೇಕ್ಷ. ಅವಳು ಹಿಂದಿರುಗುವುದಿಲ್ಲ, ಚಿತ್ರವು ಅಂಥ ಮೋಸವನ್ನು ಎಲ್ಲಿಯೂ ಮಾಡುವುದಿಲ್ಲ. ಆದರೆ ಕಣಿವೆ ಇದೆ, ಅಜ್ಜ ಅಜ್ಜಿಯರು ಅಲ್ಲಿ ಬದುಕಿರಬಹುದು ಎಂಬ ಅಪೇಕ್ಷೆ ಉಳಿದಿದೆ. ಕರುಣವನ್ನು ಅಳಿಸದೆ ಅದರ ಪಕ್ಕದಲ್ಲಿಯೇ ಅಪೇಕ್ಷೆಯ ತಂತುವೊಂದನ್ನು ಎಳೆದಿರುವುದು ಈ ಜಾತಿಯ ಚಿತ್ರಗಳ ಪ್ರಧಾನ ರಹಸ್ಯ. ಕೊನೆಯಲ್ಲಿ ತಾಯಿಯ ಆಕಾರದ ಮೋಡವೊಂದು ಕಾಣಿಸಿ, ಮರಿಯು ಅದನ್ನು ಹಿಂಬಾಲಿಸಿ ಕಣಿವೆಯ ಬಾಯಿಗೆ ಬರುತ್ತದೆ. ಮೋಡವೋ, ತಾಯಿಯೋ, ಮರಿಯ ಮನಸ್ಸೋ ಎಂಬುದನ್ನು ನಿರ್ಣಯಿಸದೆ ಬಿಟ್ಟಿರುವುದು ಸೊಗಸು. ಹಾಗೆ ಬಿಡಲು ಚಿತ್ರತುರಗಕ್ಕೇ ಸಾಧ್ಯ. ನಟರನ್ನಿಟ್ಟು ತೆಗೆದ ಚಿತ್ರದಲ್ಲಿ ಇಂಥ ಮೋಡವು ಯಂತ್ರದ ಚಮತ್ಕಾರದಂತೆ ತೋರಿಬಿಡುತ್ತಿತ್ತು.

ಈ ಚಿತ್ರದ ಹೆಸರಿನಲ್ಲಿ ಆಮೇಲೆ ಇನ್ನೂ 13 ಚಿತ್ರಗಳು ಬಂದುವು, ಕೊನೆಯದು 2016ರದು. ಒಂದರಲ್ಲಿಯೂ ಬ್ಲೂತನ ಕೈಯಿಲ್ಲ. ಹಾಡುಂಟು, ಕುಣಿತವುಂಟು, ಸ್ನೇಹದ ಪಾಠವುಂಟು. ಅವುಗಳನ್ನು ನೋಡಿದ ಮಕ್ಕಳು ನಕ್ಕಿರಬಹುದು, ಅದಕ್ಕೆ ಯಾರೂ ಅಸೂಯೆಪಡಬೇಕಾದುದಿಲ್ಲ. ಆದರೆ ಅವು ಜ್ಞಾಪಕದಲ್ಲಿ ಉಳಿಯದೆ ಇರುವುದಕ್ಕೆ ಕಾರಣ ಸ್ಪಷ್ಟ: ಕಣಿವೆಯನ್ನು ಸೇರಿದ ಮೇಲೆ ಕಳೆದುಕೊಳ್ಳಲು ಏನೂ ಉಳಿಯಲಿಲ್ಲ.

ಇನ್ನು ಮೊದಲು ಹೇಳಿದ ತಂದೆಯ ಕಣ್ಣೀರಿನ ವಿಚಾರ. ಸಾಹಿತ್ಯದರ್ಪಣಕಾರನಾದ ವಿಶ್ವನಾಥನು ಒಂಬತ್ತು ರಸಗಳ ಮೇಲೆ ವತ್ಸಲವೆಂಬುದನ್ನೂ ರಸವಾಗಿ ಒಪ್ಪಿದನು. ಮಕ್ಕಳಾದಿಗಳು ಅದಕ್ಕೆ ಆಲಂಬನ. ಅಂದರೆ ವತ್ಸಲದಲ್ಲಿ ಆಶ್ರಯವು ತಾಯ್ತಂದೆಯರು, ಆಲಂಬನವು ಶಿಶು. ಈಗ ಏಳು ವರ್ಷದ ಪ್ರೇಕ್ಷಕನು ಈ ಚಿತ್ರಗಳನ್ನು ನೋಡುವಾಗ ಎಲ್ಲಿ ಕುಳಿತಿರುತ್ತಾನೆ? ಮರಿಯ ಸ್ಥಾನದಲ್ಲಿ. ಅವನಿಗೆ ಇದು ತಾಯಿಯನ್ನು ಕಳೆದುಕೊಂಡವನ ಕತೆ. ಮೂವತ್ತು ವರ್ಷ ಕಳೆದು ಅವನೇ ನೋಡುವಾಗ ಅವನಿಗೆ ತಿಳಿಯದಂತೆಯೇ ಪೀಠವು ಬದಲಾಗಿರುತ್ತದೆ. ಈಗ ಅವನು ಮರಿಯನ್ನು ಬಿಟ್ಟುಹೋಗಬೇಕಾದವನ ಸ್ಥಾನದಲ್ಲಿದ್ದಾನೆ. ಓಡು, ಹಿಂತಿರುಗಿ ನೋಡಬೇಡ ಎಂಬ ಕೂಗು ಹಿಂದೆ ಅವನ ಕಿವಿಗೆ ಬಿದ್ದ ಕೂಗಾಗಿತ್ತು; ಈಗ ಅವನ ಬಾಯಿಂದಲೇ ಹೊರಡುವ ಕೂಗಾಗಿದೆ. ಪಟವೊಂದೂ ಬದಲಾಗಿಲ್ಲ, ಚಿತ್ರವೇ ಬೇರೆಯಾಗಿದೆ. ಅಷ್ಟೇ ಅಲ್ಲ, ಹಳೆಯ ಪೀಠವೂ ಪೂರ್ತಿ ಬರಿದಾಗಿಲ್ಲ. ಆ ಬಾಲಕನೂ ಅಲ್ಲಿಯೇ ಕುಳಿತಿದ್ದಾನೆ. ಹಂಸಪದಿಕೆಯ ಹಾಡನ್ನು ಕೇಳಿದ ದುಷ್ಯಂತನಿಗೆ ಕಾರಣ ತಿಳಿಯದೆ ಮನಸ್ಸು ಕಲಕಿತಲ್ಲವೆ? ಅಲ್ಲಿ ಮರೆತುಹೋದ ಸಂಬಂಧವೊಂದು ಒಳಗಿನಿಂದ ಮಿಡಿಯುತ್ತಿತ್ತು. ಇಲ್ಲಿಯೂ ಹಾಗೆಯೇ. ಬಾಲ್ಯಸ್ಮರಣೆಯ ವಾದದಲ್ಲಿ ಸತ್ಯವಿರುವುದು ಇಷ್ಟು: ಸ್ಮರಣೆಯು ರಸಕ್ಕೆ ಬೀಜವಲ್ಲ, ರಸವನ್ನು ಇಮ್ಮಡಿಸುವ ಸಂಸ್ಕಾರ.

ಈ ಪೀಠದ ಪಲ್ಲಟವನ್ನೇ ಕತೆಯಾಗಿ ಮಾಡಿದ ಚಿತ್ರವು 2003ರ 'ಫೈಂಡಿಂಗ್ ನೀಮೋ'; ನಿರ್ದೇಶಕ ಆಂಡ್ರೂ ಸ್ಟಾಂಟನ್. ಇದನ್ನು ಕೈಯಿಂದ ಬರೆದುದಲ್ಲ, ಗಣಕಯಂತ್ರದಿಂದ ರೂಪಿಸಿದುದು. ನ್ಯಾಯಕ್ಕೆ ಅದರಿಂದ ಬಾಧೆಯಿಲ್ಲ. ಮೊದಲ ಕೆಲವು ನಿಮಿಷಗಳಲ್ಲಿಯೇ ತಾಯಿ ಮೀನೂ, ಒಂದನ್ನುಳಿದು ಎಲ್ಲ ಮೊಟ್ಟೆಗಳೂ ದೊಡ್ಡ ಮೀನಿನ ಬಾಯಿಗೆ ಹೋಗುತ್ತವೆ. ಬಿರುಕುಬಿಟ್ಟ ಆ ಒಂದು ಮೊಟ್ಟೆಯನ್ನು ತಂದೆಯು ರೆಕ್ಕೆಯಲ್ಲಿ ಎತ್ತಿಕೊಳ್ಳುತ್ತಾನೆ. ಮುಂದೆ ಮರಿಯು ಕಳೆದುಹೋದಾಗ ಆಸ್ಟ್ರೇಲಿಯದ ಹವಳದ ದಿಬ್ಬದಿಂದ ಸಿಡ್ನಿಯವರೆಗೆ ಹುಡುಕುತ್ತ ಹೋಗುವವನು ಆ ತಂದೆ. ಸಾಹಸವು ಮಗುವಿನದಲ್ಲ, ಹೆದರಿದ ತಂದೆಯದು. ಅವನು ಗೆಲ್ಲಬೇಕಾದ ಶತ್ರು ಅವನ ಭಯವೇ. ವತ್ಸಲಕ್ಕೆ ಭಯವು ವ್ಯಭಿಚಾರಿಯಾಗಿದ್ದರೆ ಸರಿ. ಅದೇ ಸ್ಥಾಯಿಯಾದರೆ ಮಗುವಿಗೆ ಉಸಿರುಕಟ್ಟುತ್ತದೆ.

ಮರಣವೇ ಇರಬೇಕೆಂದೂ ಇಲ್ಲ. ಜಪಾನಿನ ಹಯಾವೊ ಮಿಯಾಜಾಕಿಯು 1988ರಲ್ಲಿಯೇ ಮಾಡಿದ 'ಮೈ ನೇಬರ್ ಟೊಟೊರೊ'ದಲ್ಲಿ ತಾಯಿಯು ಆಸ್ಪತ್ರೆಯಲ್ಲಿದ್ದಾಳೆ, ಅಷ್ಟೇ. ಮಿಯಾಜಾಕಿಯ ತಾಯಿಯೂ ಬೆನ್ನೆಲುಬಿನ ಕ್ಷಯದಿಂದ ಬಹುಕಾಲ ನರಳಿದವಳು. ತಾಯಿಗೆ ಕಾಯಿಲೆ ಹೆಚ್ಚಾಯಿತೇನೋ ಎಂಬ ಸಂಶಯ ಬಂದ ಕೂಡಲೆ ಚಿಕ್ಕಮಗಳು ಮೆಕ್ಕೆಜೋಳದ ತೆನೆಯೊಂದನ್ನು ಎದೆಗವಚಿಕೊಂಡು ಒಬ್ಬಳೇ ಆಸ್ಪತ್ರೆಗೆ ಹೊರಡುತ್ತಾಳೆ. ಅದನ್ನು ತಿಂದರೆ ತಾಯಿ ಗುಣವಾಗುವಳೆಂಬುದು ಅವಳ ನಂಬಿಕೆ. ಸಮುದ್ರಲಂಘನಕ್ಕೂ ಈ ಪಯಣಕ್ಕೂ ಅಳತೆಯಲ್ಲಿ ಮಾತ್ರ ಭೇದ.

ಕಡೆಯದಾಗಿ ಒಂದು ವಿವಾದ ಉಳಿಯುತ್ತದೆ. ಇಂಥ ದೃಶ್ಯಗಳನ್ನು ಮಕ್ಕಳಿಗೆ ತೋರಿಸಬಹುದೆ? ಲ್ಯಾಂಡ್ ಬಿಫೋರ್ ಟೈಮ್ ಚಿತ್ರದಿಂದಲೇ, ಮಕ್ಕಳು ಹೆದರಿಯಾರೆಂದು, ಸುಮಾರು 10 ನಿಮಿಷಗಳ ಭಾಗವನ್ನು ಪೋಷಕರು ಕತ್ತರಿಸಿಸಿದರು. ಕ್ರೂರಮೃಗದ ಅಟ್ಟಹಾಸವನ್ನು ಕುಗ್ಗಿಸಿದ್ದರಿಂದ ರಸಕ್ಕೆ ದೊಡ್ಡ ನಷ್ಟವೇನೂ ಆಗಿರಲಾರದು. ಬೀಭತ್ಸವು ಹೆಚ್ಚಿದರೆ ಕರುಣವು ಸಾಯುತ್ತದೆ. ಆದರೆ ಈಗ ಯಂತ್ರವು ಮನೆಯವರ ಕೈಯಲ್ಲಿಯೇ ಇರುವುದರಿಂದ, ತಾಯಿಯು ಸಾಯುವ ಭಾಗ ಬಂದ ಕೂಡಲೆ ಗುಂಡಿಯೊತ್ತಿ ಮುಂದಕ್ಕೆ ಓಡಿಸುವ ಹಿರಿಯರು ಹೆಚ್ಚುತ್ತಿರುವರು. ತೀರ ಎಳೆಯ ಮಗುವಿನ ವಿಷಯದಲ್ಲಿ, ಅಥವಾ ಮನೆಯಲ್ಲಿ ಅಂಥ ದುಃಖವು ಈಚೆಗೆ ನಡೆದಿದ್ದರೆ, ಅದನ್ನು ಅನ್ಯಾಯವೆನ್ನಲಾಗದು. ಉಳಿದ ಕಡೆ ಅದು ಮಗುವಿನ ರಕ್ಷಣೆಯೋ ಹಿರಿಯರು ತಮ್ಮ ಕಣ್ಣೀರನ್ನು ಮಗುವಿನಿಂದ ಮರೆಮಾಡುವ ಉಪಾಯವೋ ಎಂಬುದನ್ನು ಪರೀಕ್ಷಿಸಿಕೊಳ್ಳುವುದು ಲೇಸು. ಆ ಭಾಗವಿಲ್ಲದೆ ನೋಡಿದ ಮಗುವಿಗೆ, ಒಂದು ಮರಿ ಒಣ ಎಲೆಯೊಂದನ್ನು ಬೆನ್ನ ಮೇಲೆ ಹೊತ್ತು ಏಕೆ ನಡೆಯುತ್ತಿದೆ ಎಂಬುದೇ ತಿಳಿಯುವುದಿಲ್ಲ.

ಕನ್ನಡನಾಡಿನ ಮನೆಗಳಿಗೆ ಈ ವಿವಾದ ಹೊಸದಾಗಿ ತೋರಬೇಕಾದ ಕಾರಣವಿಲ್ಲ. ಪುಣ್ಯಕೋಟಿಯ ಕತೆಯು 2020ರಲ್ಲಿ ಸಂಸ್ಕೃತ ಭಾಷೆಯ ಆನಿಮೇಷನ್ ಚಿತ್ರವಾಗಿ ಹೊರಬಂದಿತು. ಸಂಸ್ಕೃತವನ್ನು ಮಕ್ಕಳ ಕಿವಿಗೆ ಆಡುಮಾತಿನಂತೆ ಮುಟ್ಟಿಸುವ ಆ ಪ್ರಯತ್ನವು ಶ್ಲಾಘ್ಯ. ಆದರೆ ಚಿತ್ರತುರಗವು ಹುಟ್ಟುವುದಕ್ಕೆ ಬಹುಕಾಲ ಮೊದಲೇ ಆ ಹಸುವು ಹುಲಿಗೆ ಮಾತು ಕೊಟ್ಟು, ಕೊಟ್ಟಿಗೆಗೆ ಬಂದು, ಕರುವಿಗೆ ಕೊನೆಯ ಹಾಲೂಡಿಸಿ, ಅದನ್ನು ಒಡಹುಟ್ಟಿದವರ ಕೈಗೊಪ್ಪಿಸಿ ಹೊರಡುತ್ತಿತ್ತು. ಮಕ್ಕಳು ಅಳುವರೆಂದು ಆ ಬೀಳ್ಕೊಡುಗೆಯನ್ನು ಬಿಟ್ಟು ಹಾಡಿಸಿದ ಉಪಾಧ್ಯಾಯರಿಲ್ಲ. ಆ ಸ್ಥಳ ಬಂದಾಗ ಹಿಂದಿನ ಸಾಲಿನ ತುಂಟ ಹುಡುಗರೂ ತಲೆ ತಗ್ಗಿಸುವುದುಂಟು. ಮರುದಿನ ಅದೇ ಹಾಡು ಬೇಕೆಂದು ಕೇಳುವವರೂ ಅವರೇ.